ಮೊದಲ ಪೀರಿಯಡ್ಡಿನ ಗಣಿತ

ಉತ್ತರ ಕನ್ನಡದ ಕಾಡಂಚಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಒಂಬತ್ತನೇ ತರಗತಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಬ್ಬ ಹುಡುಗನಿದ್ದ. ಕನ್ನಡ ಚೆನ್ನಾಗಿ ಬರೆಯುತ್ತಿದ್ದ, ಸಮಾಜ ವಿಜ್ಞಾನದಲ್ಲಿ ಪರವಾಗಿಲ್ಲ, ಗಣಿತದ ಕಿರುಪರೀಕ್ಷೆಯಲ್ಲಿ ಮಾತ್ರ ಪ್ರತಿ ಸಲವೂ ಎರಡೋ ಮೂರೋ ಅಂಕ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವನ ಪೇಪರ್ ತಿದ್ದುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಇಣುಕಿ ನೋಡಿ, “ಅವಕ್ಕೆ ಲೆಕ್ಕ ಹತ್ತೋದಿಲ್ಲ ಮಾರಾಯ್ರೆ, ಅದು ರಕ್ತದಲ್ಲೇ ಇಲ್ಲ. ಓಟಕ್ಕೆ ಬಿಟ್ಟು ನೋಡಿ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಹುಡುಗನಿಗೆ ಸ್ಪೋರ್ಟ್ಸ್ ಶೂ ಕೊಡಿಸಿದವರೂ ಅವರೇ. ನಾನೂ ಹೂಂಗುಟ್ಟಿದೆ, ಪೇಪರನ್ನು ಕಟ್ಟಿನೊಳಗೆ ಸೇರಿಸಿದೆ.

ಎರಡು ತಿಂಗಳ ನಂತರ ಹಾಜರಿ ಪುಸ್ತಕ ಒಟ್ಟು ಹಾಕುವಾಗ ಕಣ್ಣಿಗೆ ಬಿತ್ತು. ಅವನ ಹೆಸರಿನ ಮುಂದೆ ಬಹುತೇಕ ದಿನ ‘ತಡ’ ಎಂಬ ಗುರುತು. ವಿಚಾರಿಸಿದೆ. ಮನೆಯಿಂದ ಬಸ್ಸಿನ ರಸ್ತೆಗೆ ನಾಲ್ಕು ಕಿಲೋಮೀಟರ್ ಕಾಡುದಾರಿ. ಬೆಳಿಗ್ಗೆ ಇರುವುದು ಒಂದೇ ಬಸ್ಸು. ಅದು ನಮ್ಮೂರು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿಯುವ ಗಂಟೆ ಹೊಡೆಯುತ್ತಿತ್ತು. ವಾರದಲ್ಲಿ ಐದು ದಿನ ಮೊದಲ ಪೀರಿಯಡ್ ಗಣಿತ. ಸಮೀಕರಣದ ಎಡಬದಿ, ಬಲಬದಿ ಎಲ್ಲ ಹೇಳಿ ಮುಗಿಸಿ ನಾನು ಕೈಯ ಸೀಮೆಸುಣ್ಣ ಒರೆಸಿಕೊಳ್ಳುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿರುತ್ತಿದ್ದ. ಅವನು ನನ್ನ ಗಣಿತವನ್ನು ಕೇಳಿಸಿಕೊಂಡೇ ಇರಲಿಲ್ಲ.

‘ಜನಾಂಗ ಮತ್ತು ಕಲಿಕೆ’ ಎಂಬ ವಿಷಯವನ್ನು ಯಾರಾದರೂ ಎತ್ತಿದಾಗಲೆಲ್ಲ ನನಗೆ ಆ ವೇಳಾಪಟ್ಟಿ ನೆನಪಾಗುತ್ತದೆ. ಈ ವಿಷಯದ ಮೇಲೆ ಅಮೆರಿಕದಲ್ಲಿ ನೂರು ವರ್ಷಗಳಿಗೂ ಮೀರಿ ಜಗಳ ನಡೆದಿದೆ. ಅಂಕಿಅಂಶ, ಗ್ರಾಫು, ವಂಶವಾಹಿ ಎಂಬ ದೊಡ್ಡ ಮಾತುಗಳು ಬಂದು ಹೋಗಿವೆ. ಹೊಸಬರಿಗೆ ಇದು ತಜ್ಞರ ವಿಷಯ, ನಮ್ಮ ಕೈಗೆ ನಿಲುಕದ್ದು ಅನ್ನಿಸಬಹುದು. ಹಾಗೇನಿಲ್ಲ. ತಾಳ್ಮೆಯಿಂದ ಒಂದೊಂದೇ ಗಂಟು ಬಿಡಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಆ ಪ್ರಯತ್ನ ಇಲ್ಲಿದೆ.

ಮೊದಲು ಪದದ ತೊಡಕು. ಕನ್ನಡದಲ್ಲಿ ‘ಜನಾಂಗ’ ಎಂದರೆ ಏನು ಬೇಕಾದರೂ ಆಗುತ್ತದೆ. ಜಾತಿಯ ಸಂಘಗಳ ಆಮಂತ್ರಣ ಪತ್ರಿಕೆಯಲ್ಲಿ ‘ನಮ್ಮ ಜನಾಂಗದ ಪ್ರತಿಭಾ ಪುರಸ್ಕಾರ’ ಎಂದಿರುತ್ತದೆ. ಅಲ್ಲಿ ಅದು ಜಾತಿ. ‘ಮುಂದಿನ ಜನಾಂಗ’ ಎಂದರೆ ಪೀಳಿಗೆ. ‘ಬುಡಕಟ್ಟು ಜನಾಂಗ’ ಎಂದರೆ ಸಮುದಾಯ. ಹಳೆಯ ಪಠ್ಯಪುಸ್ತಕಗಳಲ್ಲಿ ಬಿಳಿಯ, ಕಪ್ಪು, ಹಳದಿ ಎಂದು ಮನುಷ್ಯರನ್ನು ಮೂರು ಡಬ್ಬಿಗೆ ತುಂಬಿ ಕೆಳಗೆ ಚಿತ್ರ ಹಾಕುತ್ತಿದ್ದರಲ್ಲ, ಅದೂ ಜನಾಂಗ. ಈ ಲೇಖನದಲ್ಲಿ ನಾನು ಹೇಳುತ್ತಿರುವುದು ಆ ಕೊನೆಯ ಅರ್ಥದ ಜನಾಂಗವನ್ನು.

ಆ ಡಬ್ಬಿಗಳು ಪ್ರಕೃತಿಯಲ್ಲಿ ಇವೆಯೇ? 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ ಲೆಕ್ಕ ಹಾಕಿ ನೋಡಿದರು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 85ರಷ್ಟು ಒಂದೇ ಜನಸಮುದಾಯದ ಒಳಗೇ ಇದೆ. ‘ಜನಾಂಗ’ಗಳ ನಡುವೆ ಇರುವುದು ಶೇಕಡಾ 6ರ ಆಸುಪಾಸು. ಅಂದರೆ ಒಂದೇ ಕೇರಿಯ ಇಬ್ಬರ ನಡುವೆಯೇ ಬೇಕಾದಷ್ಟು ವ್ಯತ್ಯಾಸ ಇರುತ್ತದೆ. ಹಾಗೆಂದು ಊರಿಂದೂರಿಗೆ, ಖಂಡದಿಂದ ಖಂಡಕ್ಕೆ ವ್ಯತ್ಯಾಸಗಳೇ ಇಲ್ಲ ಎಂದಲ್ಲ. ಕುಡುಗೋಲು ರಕ್ತಕಣದ ಕಾಯಿಲೆಯನ್ನು ಅಮೆರಿಕದಲ್ಲಿ ಬಹುಕಾಲ ‘ಕಪ್ಪು ಜನರ ಕಾಯಿಲೆ’ ಎಂದೇ ಕರೆದರು. ಅದೇ ಕಾಯಿಲೆ ಗ್ರೀಸಿನಲ್ಲಿದೆ, ಅರೇಬಿಯಾದಲ್ಲಿದೆ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲೂ ಇದೆ. ಅದು ಹಿಂಬಾಲಿಸಿದ್ದು ಮಲೇರಿಯಾವನ್ನು, ಚರ್ಮದ ಬಣ್ಣವನ್ನಲ್ಲ.

ಡಬ್ಬಿಯ ಮೇಲಿನ ಹೆಸರು ಎಷ್ಟು ಸಡಿಲ ಎಂಬುದಕ್ಕೆ ನಮ್ಮವರೇ ಸಾಕ್ಷಿ. ಅಮೆರಿಕದ 1920, 1930, 1940ರ ಜನಗಣತಿಯಲ್ಲಿ ಭಾರತದಿಂದ ಹೋದವರಿಗೆ ‘ಹಿಂದೂ’ ಎಂಬ ಜನಾಂಗ ಬರೆದರು. ಪಂಜಾಬಿನ ಸಿಖ್ಖರಿಗೂ ಅದೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ಕಾಲಮ್ಮು ಬಂತು. ಅರುವತ್ತರ ದಶಕದ ಕೊನೆಗೆ ಬೆಂಗಳೂರಿನಿಂದ ಹೋದ ಒಬ್ಬ ಎಂಜಿನಿಯರ್ ಹತ್ತು ವರ್ಷದಲ್ಲಿ ಅಮೆರಿಕದ ಕಡತದಲ್ಲಿ ಬಿಳಿಯನಾಗಿದ್ದವನು ಏಷ್ಯನ್ ಆದ. ಅವನ ರಕ್ತದಲ್ಲಿ ಏನೂ ಆಗಲಿಲ್ಲ. ಫಾರಂ ಬದಲಾಯಿತು, ಅಷ್ಟೇ.

ಈಗ ಪರೀಕ್ಷೆಗಳ ಕತೆಗೆ ಬರೋಣ. ಇದು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕಾದ ಭಾಗ, ಏಕೆಂದರೆ ಮುಂದಿನ ಎಲ್ಲ ತಪ್ಪುಗಳ ಮಾದರಿ ಇಲ್ಲೇ ಇದೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ರಾಬರ್ಟ್ ಯರ್ಕ್ಸ್ ಎಂಬ ಮನಶ್ಶಾಸ್ತ್ರಜ್ಞನ ಮುಂದಾಳತ್ವದಲ್ಲಿ ಸುಮಾರು 17 ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಬುದ್ಧಿಮತ್ತೆ ಪರೀಕ್ಷೆ ನಡೆಯಿತು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ಚಿತ್ರಗಳ ‘ಬೀಟಾ’. ಹುಟ್ಟಿನಿಂದ ಬಂದ ಬುದ್ಧಿಯನ್ನು ಅಳೆಯುತ್ತೇವೆ ಎಂದು ಅವರು ನಂಬಿದ್ದರು. ಪ್ರಶ್ನೆಗಳು ಹೇಗಿದ್ದವು ನೋಡಿ. ‘ಕ್ರಿಸ್ಕೊ’ ಎಂದರೇನು: ಔಷಧಿಯೇ, ಕ್ರಿಮಿನಾಶಕವೇ, ಹಲ್ಲುಜ್ಜುವ ಪೇಸ್ಟೇ, ಆಹಾರ ಪದಾರ್ಥವೇ? ಕ್ರಿಸ್ಟಿ ಮ್ಯಾಥ್ಯೂಸನ್ ಹೆಸರಾಗಿರುವುದು ಲೇಖಕನಾಗಿಯೇ, ಚಿತ್ರಕಾರನಾಗಿಯೇ, ಬೇಸ್‌ಬಾಲ್ ಆಟಗಾರನಾಗಿಯೇ, ಹಾಸ್ಯನಟನಾಗಿಯೇ? ಓದು ಬಾರದವರಿಗೆ ಕೊಟ್ಟ ಚಿತ್ರದಲ್ಲಿ ಕೊಂಬಿಲ್ಲದ ಗ್ರಾಮಫೋನ್, ಬಲೆಯಿಲ್ಲದ ಟೆನಿಸ್ ಅಂಗಳ. ಏನು ಬಿಟ್ಟುಹೋಗಿದೆಯೋ ಬರೆದು ತುಂಬಬೇಕು.

ಹಡಗಿನಿಂದ ಇಳಿದು ವರ್ಷ ತುಂಬದ ಒಬ್ಬ ಇಟಲಿಯ ರೈತನಿಗೆ ಅಮೆರಿಕದ ಅಡುಗೆಮನೆಯಲ್ಲಿ ಬಳಸುವ ಕ್ರಿಸ್ಕೊ ಎಂಬ ಡಾಲ್ಡಾದ ಹೆಸರು ಎಲ್ಲಿ ಗೊತ್ತಿರಬೇಕು? ದಕ್ಷಿಣದ ಹತ್ತಿ ಹೊಲದಲ್ಲಿ ಬೆಳೆದ ಕಪ್ಪು ಯುವಕ ಟೆನಿಸ್ ಅಂಗಳವನ್ನು ಎಲ್ಲಿ ನೋಡಿರಬೇಕು? ನಮ್ಮ ಸಿದ್ದಿ ಹುಡುಗನ ಊರಿನವರು ಪ್ರಶ್ನೆ ತೆಗೆದಿದ್ದರೆ, ಯಾವ ಮರದ ಹಾಲು ಕಣ್ಣಿಗೆ ಬಿದ್ದರೆ ಉರಿ ಬರುತ್ತದೆ, ಜೇನು ಯಾವ ತಿಂಗಳಲ್ಲಿ ಕೀಳಬಾರದು ಎಂದು ಕೇಳುತ್ತಿದ್ದರು. ಅದರಲ್ಲಿ ನನಗೆ ಸೊನ್ನೆ.

ಆ ಫಲಿತಾಂಶಗಳನ್ನು ಹಿಡಿದು ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ 1923ರಲ್ಲಿ ಒಂದು ಪುಸ್ತಕ ಬರೆದ. ಉತ್ತರ ಯುರೋಪಿನವರು ಮೇಲು, ದಕ್ಷಿಣ ಮತ್ತು ಪೂರ್ವ ಯುರೋಪಿನವರು ಕೆಳಗೆ, ಕಪ್ಪು ಜನ ಎಲ್ಲರಿಗಿಂತ ಕೆಳಗೆ ಎಂಬುದು ಅವನ ತೀರ್ಮಾನ. ಯಹೂದಿಗಳು ಜಾಣರೆಂಬ ಜನಪ್ರಿಯ ನಂಬಿಕೆ ತನ್ನ ಅಂಕಿಅಂಶದ ಮುಂದೆ ನಿಲ್ಲದು ಎಂದೂ ಬರೆದ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಯಹೂದಿ ಕುಟುಂಬಗಳ ಮಕ್ಕಳು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮುಂಚೂಣಿಗೆ ಬಂದರು.

ಅವನ ಕೋಷ್ಟಕದಲ್ಲೇ ಒಂದು ಸುಳಿವಿತ್ತು. ವಲಸಿಗರು ಅಮೆರಿಕದಲ್ಲಿ ಎಷ್ಟು ಹೆಚ್ಚು ವರ್ಷ ಇದ್ದರೋ ಅಷ್ಟು ಹೆಚ್ಚು ಅಂಕ ಪಡೆದಿದ್ದರು. ಇಪ್ಪತ್ತು ವರ್ಷ ಇದ್ದವರು ಅಲ್ಲೇ ಹುಟ್ಟಿದವರ ಸಮಕ್ಕೆ ಬಂದಿದ್ದರು. ನನ್ನ ನಿಮ್ಮಂಥವರು ನೋಡಿದರೆ, ಭಾಷೆ ಬಂತು, ಊರು ಪರಿಚಯವಾಯಿತು, ಅದಕ್ಕೇ ಅಂಕ ಏರಿತು ಎನ್ನುತ್ತೇವೆ. ಬ್ರಿಗಮ್ ಬೇರೆ ಅರ್ಥ ಮಾಡಿದ: ಮೊದಲು ಒಳ್ಳೆಯ ರಕ್ತದವರು ಬಂದರು, ಈಚೆಗೆ ಕೀಳು ರಕ್ತದವರು ಬರುತ್ತಿದ್ದಾರೆ ಎಂದ. ಮರುವರ್ಷ, 1924ರಲ್ಲಿ, ದಕ್ಷಿಣ ಮತ್ತು ಪೂರ್ವ ಯುರೋಪಿನವರ ವಲಸೆಯನ್ನು ಬಿಗಿಯಾಗಿ ಕತ್ತರಿಸುವ ಕಾನೂನು ಬಂತು. ಆ ಕಾಲದ ಗಾಳಿಯಲ್ಲಿ ಇಂಥ ಮಾತುಗಳೇ ತುಂಬಿದ್ದವು.

ಅದೇ 1924ರಲ್ಲಿ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಹೊರೇಸ್ ಮ್ಯಾನ್ ಬಾಂಡ್ ಎಂಬ ಕಪ್ಪು ತರುಣ ಒಂದು ಲೇಖನ ಬರೆದ. ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನು ಹೊಸ ಪರೀಕ್ಷೆ ನಡೆಸಲಿಲ್ಲ; ಸೇನೆಯದೇ ಅಂಕಗಳನ್ನು ರಾಜ್ಯವಾರು ಬಿಡಿಸಿದ. ಇಲಿನಾಯ್, ಓಹಾಯೊದಂಥ ಉತ್ತರದ ರಾಜ್ಯಗಳ ಕಪ್ಪು ಸೈನಿಕರು ಮಿಸಿಸಿಪ್ಪಿ, ಅರ್ಕಾನ್ಸಾದಂಥ ದಕ್ಷಿಣದ ರಾಜ್ಯಗಳ ಬಿಳಿಯ ಸೈನಿಕರಿಗಿಂತ ಮೇಲಿದ್ದರು. ಅಂಕ ಹಿಂಬಾಲಿಸುತ್ತಿದ್ದದ್ದು ಶಾಲೆಯನ್ನು. ಎಲ್ಲಿ ಶಾಲೆ ಚೆನ್ನಾಗಿತ್ತೋ ಅಲ್ಲಿ ಎಲ್ಲರೂ ಮೇಲೆ, ಎಲ್ಲಿ ಶಾಲೆ ಹಾಳಾಗಿತ್ತೋ ಅಲ್ಲಿ ಎಲ್ಲರೂ ಕೆಳಗೆ. ಆಮೇಲೆ 1935ರಲ್ಲಿ ಆಟೋ ಕ್ಲೈನ್‌ಬರ್ಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಕ್ಷಿಣದಿಂದ ನ್ಯೂಯಾರ್ಕಿಗೆ ಬಂದ ಕಪ್ಪು ಮಕ್ಕಳು ಅಲ್ಲಿನ ಶಾಲೆಯಲ್ಲಿ ಹೆಚ್ಚು ವರ್ಷ ಕಳೆದಂತೆ ಅವರ ಅಂಕ ಏರುವುದನ್ನು ತೋರಿಸಿದ.

ಬ್ರಿಗಮ್‌ನಿಗೆ ನ್ಯಾಯ ಒದಗಿಸಬೇಕು. 1930ರಲ್ಲಿ ಅವನು ತನ್ನ ತೀರ್ಮಾನಗಳಿಗೆ ಬುಡವೇ ಇರಲಿಲ್ಲ ಎಂದು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿ ಒಪ್ಪಿಕೊಂಡ. ಅಂಥ ಧೈರ್ಯ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ. ಆದರೆ ಅಷ್ಟರಲ್ಲಿ ಕಾನೂನು ಬಂದಾಗಿತ್ತು, ಮಾತು ಊರೆಲ್ಲ ಹಬ್ಬಿಯಾಗಿತ್ತು. ಅವನೇ ಮುಂದೆ ನಿಂತು ಸಿದ್ಧಪಡಿಸಿದ ಎಸ್‌ಎಟಿ ಪರೀಕ್ಷೆ 1926ರಲ್ಲಿ ಶುರುವಾಯಿತು. ಕಾಲೇಜಿಗೆ ಸೇರಬಯಸುವ ಲಕ್ಷಾಂತರ ಮಕ್ಕಳು ಇಂದಿಗೂ ಆ ಹೆಸರಿನ ಪರೀಕ್ಷೆ ಬರೆಯುತ್ತಾರೆ, ನಮ್ಮ ಬೆಂಗಳೂರಿನ ಮಕ್ಕಳೂ.

ಇನ್ನು ಮುಂದಿನ ಗಂಟು: ಅನುವಂಶೀಯತೆ. ‘ಹುಟ್ಟುಗುಣ ಸುಟ್ಟರೂ ಹೋಗದು’, ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ನಾವು ದಿನಾ ಹೇಳುತ್ತೇವೆ. ತಾಯಿ-ತಂದೆಯಿಂದ ಮಕ್ಕಳಿಗೆ ಏನೋ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 1969ರಲ್ಲಿ ಬರ್ಕ್ಲಿಯ ಆರ್ಥರ್ ಜೆನ್ಸನ್ ಈ ದಾರಿಯಿಂದಲೇ ಹೊರಟರು. ಐಕ್ಯೂ ಬಹುಮಟ್ಟಿಗೆ ಅನುವಂಶೀಯ. ಕಪ್ಪು ಮಕ್ಕಳ ಸರಾಸರಿ ಕಡಿಮೆ. ಹಾಗಾಗಿ ಈ ಅಂತರದಲ್ಲೂ ವಂಶವಾಹಿಯ ಪಾಲಿರುವುದು ಸಂಭವ. ಬಡಮಕ್ಕಳಿಗೆಂದು ನಡೆಸುತ್ತಿರುವ ಪೂರಕ ಶಿಕ್ಷಣ ಸೋತಿದೆ ಎಂದು ವಾದಿಸಿದರು. ಅಂಥ ಪೂರಕ ಶಿಕ್ಷಣದ ದೊಡ್ಡ ಕಾರ್ಯಕ್ರಮವಾದ ‘ಹೆಡ್ ಸ್ಟಾರ್ಟ್’ ಆಗ ಶುರುವಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ! ಒಂದನೇ ತರಗತಿಗೆ ಸೇರಿಸಿದ ಮಗು ನಾಲ್ಕನೇ ತರಗತಿ ಮುಗಿಸುವಷ್ಟೂ ಸಮಯ ಕೊಡದೆ ತೀರ್ಪು. 1994ರಲ್ಲಿ ‘ದಿ ಬೆಲ್ ಕರ್ವ್’ ಎಂಬ ದಪ್ಪ ಪುಸ್ತಕ ಇದೇ ವಾದವನ್ನು ಇನ್ನಷ್ಟು ಓದುಗರಿಗೆ ಮುಟ್ಟಿಸಿತು.

ಈ ವಾದದ ಬಿರುಕನ್ನು ಲೆವಾಂಟಿನ್ 1970ರಲ್ಲೇ ಬೀಜದ ಉದಾಹರಣೆ ಕೊಟ್ಟು ತೋರಿಸಿದರು. ನಮ್ಮ ಹೊಲದ ಭಾಷೆಯಲ್ಲಿ ಹೇಳುತ್ತೇನೆ. ಒಂದೇ ಚೀಲದಿಂದ ಎರಡು ಮುಷ್ಟಿ ಜೋಳದ ಬೀಜ ತೆಗೆಯಿರಿ. ಚೀಲದಲ್ಲಿ ಬಗೆಬಗೆಯ ತಳಿ ಬೆರೆತಿರಲಿ. ಒಂದು ಮುಷ್ಟಿಯನ್ನು ಗೊಬ್ಬರ ಹಾಕಿದ ಎರೆ ಮಣ್ಣಿಗೆ ಬಿತ್ತಿ, ಇನ್ನೊಂದನ್ನು ಸತ್ವವಿಲ್ಲದ ಗರಸು ನೆಲಕ್ಕೆ. ಎರೆ ಮಣ್ಣಿನ ಮಡಿಯಲ್ಲಿ ಕೆಲವು ದಂಟು ಎತ್ತರ, ಕೆಲವು ಗಿಡ್ಡ. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ನೀರು ಸಿಕ್ಕಿದ್ದರಿಂದ ಆ ವ್ಯತ್ಯಾಸ ಪೂರ್ತಿ ಬೀಜದ್ದು. ಗರಸು ನೆಲದ ಮಡಿಯ ಒಳಗಿನ ವ್ಯತ್ಯಾಸವೂ ಹಾಗೆಯೇ ಬೀಜದ್ದು. ಆದರೆ ಈ ಮಡಿಗೂ ಆ ಮಡಿಗೂ ನಡುವೆ ಇರುವ ಮೊಳದುದ್ದದ ಅಂತರ? ಅದು ಪೂರ್ತಿ ಮಣ್ಣಿನದು. ಬೀಜ ಒಂದೇ ಚೀಲದ್ದಲ್ಲವೇ? ಒಂದು ಗುಂಪಿನ ಒಳಗೆ ಗುಣವೊಂದು ಎಷ್ಟೇ ಅನುವಂಶೀಯವಾಗಿರಲಿ, ಎರಡು ಗುಂಪುಗಳ ನಡುವಿನ ಅಂತರಕ್ಕೆ ಕಾರಣ ಯಾವುದೆಂದು ಅದು ಹೇಳಲಾರದು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ವಿಷಯದ ಮೇಲಿನ ಅರ್ಧ ಪುಸ್ತಕಗಳನ್ನು ಧೈರ್ಯವಾಗಿ ಪರೀಕ್ಷಿಸಬಹುದು.

ಮಣ್ಣು ಬದಲಿಸಿ ನೋಡಿದ ಉದಾಹರಣೆಗಳೂ ಇವೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಹೆಚ್ಚಾಗಿ ಅಮೆರಿಕನ್ ಸೈನಿಕರಿಗೂ ಜರ್ಮನ್ ತಾಯಂದಿರಿಗೂ ಹುಟ್ಟಿದ ಮಕ್ಕಳನ್ನು ಕ್ಲೌಸ್ ಐಫರ್ಟ್ ಎಂಬ ಮನಶ್ಶಾಸ್ತ್ರಜ್ಞ ಅಧ್ಯಯನ ಮಾಡಿದ. ಕೆಲವರ ತಂದೆ ಕಪ್ಪು, ಕೆಲವರ ತಂದೆ ಬಿಳಿ. ಎಲ್ಲರೂ ಬೆಳೆದದ್ದು ಜರ್ಮನಿಯಲ್ಲೇ. 1961ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಿಳಿಯ ತಂದೆಯ ಮಕ್ಕಳ ಸರಾಸರಿ ಐಕ್ಯೂ ಸುಮಾರು 97, ಕಪ್ಪು ತಂದೆಯ ಮಕ್ಕಳದು ಸುಮಾರು 96.5. ಇನ್ನೊಂದು ಕಡೆ, ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಹಲವು ದೇಶಗಳಲ್ಲಿ ಐಕ್ಯೂ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತಿರುವುದನ್ನು ಕಂಡರು. ಅಮೆರಿಕದಲ್ಲಿ ದಶಕಕ್ಕೆ ಸುಮಾರು 3 ಅಂಕ. ವಂಶವಾಹಿ ಇಷ್ಟು ಬೇಗ ಬದಲಾಗುವುದಿಲ್ಲ. ಶಾಲೆ, ಊಟ, ಕೆಲಸದ ಬಗೆ ಬದಲಾಗುತ್ತವೆ. ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 17 ವರ್ಷದ ಬಿಳಿ ಮತ್ತು ಕಪ್ಪು ವಿದ್ಯಾರ್ಥಿಗಳ ಓದಿನ ಅಂತರ 1971ರಲ್ಲಿ 50 ಅಂಕ ಮೀರಿತ್ತು. 1988ಕ್ಕೆ ಅದು 20ರ ಹತ್ತಿರಕ್ಕೆ ಇಳಿಯಿತು. ಆಮೇಲೆ ಇಳಿಕೆ ನಿಂತಿತು, ಸ್ವಲ್ಪ ಹಿಂದಕ್ಕೂ ಹೋಯಿತು. ಹದಿನೇಳೇ ವರ್ಷದಲ್ಲಿ ಅಂತರ ಅರ್ಧಕ್ಕಿಂತ ಕಡಿಮೆಯಾಯಿತೆಂದರೆ ಅದು ರಕ್ತದ ಗುಣವಾಗಿರಲು ಹೇಗೆ ಸಾಧ್ಯ?

ಹಾಗಾದರೆ ಮಣ್ಣು ಹೇಗಿತ್ತು? ಸೌತ್ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಗೆ ಹೋಗೋಣ. 1940ರ ದಶಕದ ಕೊನೆ. ಆ ಕೌಂಟಿಯಲ್ಲಿ ಬಿಳಿಯ ಮಕ್ಕಳಿಗೆ ಸುಮಾರು 30 ಶಾಲಾ ಬಸ್ಸುಗಳಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಅವರ ತಂದೆತಾಯಿಗಳು ಮೊದಲು ಕೇಳಿದ್ದು ಸಮಾನತೆಯ ದೊಡ್ಡ ಹಕ್ಕನ್ನಲ್ಲ, ಒಂದೇ ಒಂದು ಬಸ್ಸನ್ನು. ಸಿಗಲಿಲ್ಲ. ತಾವೇ ದುಡ್ಡು ಸೇರಿಸಿ ಹಳೇ ಬಸ್ಸೊಂದನ್ನು ಕೊಂಡರು. ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಕೊನೆಗೆ ಜೆ. ಎ. ಡಿಲೇನ್ ಎಂಬ ಪಾದ್ರಿ ಮತ್ತು ಶಿಕ್ಷಕ ಜನರನ್ನು ಸೇರಿಸಿದರು, ಹ್ಯಾರಿ ಬ್ರಿಗ್ಸ್ ಮತ್ತಿತರ ಪೋಷಕರು ಅರ್ಜಿಗೆ ಸಹಿ ಹಾಕಿದರು. 1949-50ರ ಲೆಕ್ಕ ನೋಡಿ: ಆ ಕೌಂಟಿ ಒಬ್ಬ ಬಿಳಿಯ ಮಗುವಿಗೆ ವರ್ಷಕ್ಕೆ 179 ಡಾಲರ್ ಖರ್ಚು ಮಾಡಿತು, ಒಬ್ಬ ಕಪ್ಪು ಮಗುವಿಗೆ 43 ಡಾಲರ್.

ಸಹಿ ಹಾಕಿದ್ದಕ್ಕೆ ಬ್ರಿಗ್ಸ್ ಕೆಲಸ ಕಳೆದುಕೊಂಡರು, ಅವರ ಹೆಂಡತಿಯೂ ಕಳೆದುಕೊಂಡರು. ಡಿಲೇನ್ ಅವರ ಚರ್ಚಿಗೆ ಬೆಂಕಿ ಬಿತ್ತು, ಅವರು ರಾಜ್ಯ ಬಿಟ್ಟು ಹೋಗಬೇಕಾಯಿತು. ಅವರ ಮೊಕದ್ದಮೆ ಇತರ ನಾಲ್ಕರ ಜೊತೆ ಸೇರಿ 1954ರಲ್ಲಿ ‘ಬ್ರೌನ್’ ತೀರ್ಪಾಯಿತು. ಶಾಲೆಗಳಲ್ಲಿ ಬಣ್ಣದ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು ಸಾರಿತು.

ತೀರ್ಪು ಬಂದ ಮೇಲೂ ಹಣದ ಹರಿವು ಸುಲಭವಾಗಿ ದಿಕ್ಕು ಬದಲಿಸಲಿಲ್ಲ. ಅಮೆರಿಕದ ಸರ್ಕಾರಿ ಶಾಲೆಗಳಿಗೆ ದೊಡ್ಡ ಪಾಲು ಹಣ ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು, ಅಂದರೆ ಸಾಲ ಕೊಡಲು ಅಪಾಯದ ಜಾಗ. ಸಾಲ ಸಿಗದ ಕಡೆ ಮನೆಯ ಬೆಲೆ ಏರುವುದಿಲ್ಲ. ಮನೆಯ ಬೆಲೆ ಏರದ ಕಡೆ ತೆರಿಗೆ ಹುಟ್ಟುವುದಿಲ್ಲ. ತೆರಿಗೆ ಹುಟ್ಟದ ಕಡೆ ಶಾಲೆಗೆ ಪ್ರಯೋಗಾಲಯ ಬರುವುದಿಲ್ಲ. ಬಿಳಿಯರಲ್ಲದವರೇ ಹೆಚ್ಚಿರುವ ಶಾಲಾ ಜಿಲ್ಲೆಗಳಿಗೆ, ಬಿಳಿಯರೇ ಹೆಚ್ಚಿರುವ ಜಿಲ್ಲೆಗಳಿಗಿಂತ ಒಟ್ಟು 2,300 ಕೋಟಿ ಡಾಲರ್ ಕಡಿಮೆ ಸಿಗುತ್ತಿದೆ ಎಂದು ಎಡ್‌ಬಿಲ್ಡ್ ಎಂಬ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತು. ಇಷ್ಟೆಲ್ಲ ನಡೆದ ಮೇಲೆ ಅಂಕಪಟ್ಟಿ ಹಿಡಿದು ‘ಕಪ್ಪು ಜನಾಂಗದ ಸಾಧನೆ ಕಡಿಮೆ’ ಎಂದು ಬರೆದರೆ, ಮಾಡಿದ್ದರ ಫಲವನ್ನೇ ಮಾಡಿದ್ದಕ್ಕೆ ಕಾರಣವೆಂದು ಬರೆದಂತೆ. ನನ್ನ ಪ್ರಕಾರ ಈ ವಿಷಯದ ಅತಿ ದೊಡ್ಡ ತಪ್ಪು ಇದೇ.

ಇದುವರೆಗೆ ಹೇಳಿದ್ದು ಹೀಗಳೆಯುವ ತಪ್ಪು. ಹೊಗಳುವ ತಪ್ಪೂ ಇದೆ, ಅದು ನಮ್ಮ ಮನೆಗೇ ಬಂದಿದೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳನ್ನು ಕೇಳಿ ನೋಡಿ. ಭಾರತೀಯ ಮಕ್ಕಳು ಹುಟ್ಟಾ ಗಣಿತಜ್ಞರು ಎಂಬ ನಂಬಿಕೆ ಅಲ್ಲಿ ಸಾಮಾನ್ಯ. 1985ರಲ್ಲಿ ಬಾಲು ನಟರಾಜನ್ ರಾಷ್ಟ್ರೀಯ ಸ್ಪೆಲಿಂಗ್ ಬೀ ಎಂಬ ಕಾಗುಣಿತ ಸ್ಪರ್ಧೆ ಗೆದ್ದಂದಿನಿಂದ ಭಾರತೀಯ ಮೂಲದ ಮಕ್ಕಳು ಅದನ್ನು ಮತ್ತೆ ಮತ್ತೆ ಗೆದ್ದಿದ್ದಾರೆ. 2019ರಲ್ಲಿ ಎಂಟು ಮಂದಿ ಜಂಟಿ ವಿಜೇತರಲ್ಲಿ ಏಳು ಮಂದಿ ನಮ್ಮ ಕಡೆಯವರು. ಹೆಮ್ಮೆಯ ಸಂಗತಿ, ಮಕ್ಕಳ ದುಡಿಮೆಗೆ ಸಲ್ಲಬೇಕಾದ ಹೆಮ್ಮೆ. ಆದರೆ ಭಾರತೀಯ ರಕ್ತಕ್ಕೂ ಇಂಗ್ಲಿಷ್ ಕಾಗುಣಿತಕ್ಕೂ ಏನು ಸಂಬಂಧ? ನಾರ್ತ್ ಸೌತ್ ಫೌಂಡೇಶನ್ ಎಂಬ ಸಂಸ್ಥೆ ಊರೂರಲ್ಲಿ ಸ್ಪರ್ಧೆ ನಡೆಸಿ ಮಕ್ಕಳನ್ನು ಪಳಗಿಸುತ್ತದೆ, ತಂದೆತಾಯಿಗಳು ಶನಿವಾರ ಭಾನುವಾರ ಕಾರಿನಲ್ಲಿ ಕರೆದೊಯ್ಯುತ್ತಾರೆ. ಸಂಬಂಧ ಇರುವುದು ಅಲ್ಲಿ.

ಇನ್ನೊಂದು ಮುಖ್ಯ ಕಾರಣವಿದೆ. ಅಮೆರಿಕದಲ್ಲಿ 25 ವರ್ಷ ದಾಟಿದ ಭಾರತೀಯ ಮೂಲದವರಲ್ಲಿ ನಾಲ್ವರಲ್ಲಿ ಮೂವರು ಪದವೀಧರರು. ನಮ್ಮ ದೇಶದಲ್ಲಿ 18ರಿಂದ 23ರ ವಯಸ್ಸಿನವರಲ್ಲಿ ಕಾಲೇಜಿನಲ್ಲಿದ್ದವರು 2021-22ರಲ್ಲಿ ನೂರಕ್ಕೆ ಇಪ್ಪತ್ತೆಂಟರ ಸುಮಾರು. ಅಲ್ಲಿಗೆ ಹೋದವರು ಭಾರತದ ಮಾದರಿಯಲ್ಲ, ಭಾರತದಿಂದ ಜರಡಿ ಹಿಡಿದು ತೆಗೆದವರು. 1965ರ ವಲಸೆ ಕಾನೂನು ವೃತ್ತಿಪರ ಕೌಶಲ ಉಳ್ಳವರಿಗೂ ಬಾಗಿಲು ತೆರೆಯಿತು. ‘ದಿ ಅದರ್ ಒನ್ ಪರ್ಸೆಂಟ್’ ಎಂಬ ಪುಸ್ತಕದಲ್ಲಿ ಚಕ್ರವರ್ತಿ, ಕಪೂರ್, ಸಿಂಗ್ ಎಂಬ ಮೂವರು ವಿದ್ವಾಂಸರು ಇದನ್ನು ಮೂರು ಜರಡಿ ಎಂದು ವಿವರಿಸುತ್ತಾರೆ: ಜಾತಿ ಮತ್ತು ವರ್ಗದ ಅನುಕೂಲದಿಂದ ಕಾಲೇಜು ಮುಟ್ಟುವುದು ಮೊದಲ ಜರಡಿ, ಕಠಿಣ ಪ್ರವೇಶ ಪರೀಕ್ಷೆಗಳು ಎರಡನೆಯದು, ಅಮೆರಿಕದ ವೀಸಾ ಮೂರನೆಯದು. ಮೂರೂ ಜರಡಿಯಲ್ಲಿ ಉಳಿದವರ ಮಕ್ಕಳು ಓದಿನಲ್ಲಿ ಮುಂದಿದ್ದರೆ ಅಚ್ಚರಿಯೇನು? ಅದೇ ‘ಏಷ್ಯನ್’ ಡಬ್ಬಿಯಲ್ಲಿ ನಿರಾಶ್ರಿತರಾಗಿ ಹೋದ ಭೂತಾನದವರಿದ್ದಾರೆ. ಅವರಲ್ಲಿ ಪದವೀಧರರು ಐವರಲ್ಲಿ ಒಬ್ಬರೂ ಇಲ್ಲ. ‘ಕಪ್ಪು’ ಡಬ್ಬಿಯಲ್ಲಿ ನೈಜೀರಿಯಾದಿಂದ ಹೋದವರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವೀಧರರು, ಬಿಳಿಯ ಅಮೆರಿಕನ್ನರ ಸರಾಸರಿಗಿಂತ ಮೇಲೆ.

ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಮೊಮ್ಮಗಳು ಒಮ್ಮೆ ಫೋನಿನಲ್ಲಿ ಅತ್ತಳು. ಗಣಿತದಲ್ಲಿ ಬಿ ಗ್ರೇಡ್ ಬಂದಿತ್ತು. “ನೀನು ಇಂಡಿಯನ್ ಅಲ್ವಾ, ನಿಂಗೆ ಹೇಗೆ ಬಿ ಬಂತು?” ಎಂದು ಗೆಳತಿಯರು ಕೇಳಿದ್ದರಂತೆ. ಆ ಮಗುವಿಗೆ ಭಿನ್ನರಾಶಿ ಅರ್ಥವಾಗಿರಲಿಲ್ಲ, ಕೈ ಎತ್ತಿ ಕೇಳಲು ಸಂಕೋಚ. ಹೊಗಳಿಕೆಯೂ ಮಗುವಿನ ಬಾಯಿ ಮುಚ್ಚಿಸಬಲ್ಲದು ಎಂದು ನನಗೆ ಆ ದಿನ ತಿಳಿಯಿತು. ಮರುದಿನ ಇಬ್ಬರೂ ಫೋನಿನಲ್ಲೇ ಒಂದು ಚಪಾತಿಯನ್ನು ಎಂಟು ಪಾಲು ಮಾಡಿದೆವು.

ಇಂಗ್ಲೆಂಡಿನ ಒಂದು ಉದಾಹರಣೆಯನ್ನು ಸೇರಿಸದೆ ಬಿಡಲಾರೆ. 1985ರಲ್ಲಿ ಬಂದ ಸ್ವಾನ್ ವರದಿ, ಏಷ್ಯನ್ ಮಕ್ಕಳಲ್ಲಿ ಬಾಂಗ್ಲಾದೇಶಿ ಮಕ್ಕಳು ಗಂಭೀರವಾಗಿ ಹಿಂದೆ ಬಿದ್ದಿದ್ದಾರೆ ಎಂದಿತು. ಹೆಚ್ಚಿನವರು ಸಿಲ್ಹೆಟ್ ಕಡೆಯ ಹಳ್ಳಿಗಳ ಬಡ ಕುಟುಂಬದವರು, ಪೂರ್ವ ಲಂಡನ್ನಿನ ಇಕ್ಕಟ್ಟಾದ ಮನೆಗಳಲ್ಲಿದ್ದರು. ಇಂದು ಅದೇ ಸಮುದಾಯದ ಮಕ್ಕಳ ಜಿಸಿಎಸ್‌ಇ ಶಾಲಾ ಪರೀಕ್ಷೆಯ ಸರಾಸರಿ ಬಿಳಿಯ ಬ್ರಿಟಿಷ್ ಮಕ್ಕಳ ಸರಾಸರಿಗಿಂತ ಮೇಲಿದೆ. ಅದೇ ಸಿಲ್ಹೆಟ್ ಮೂಲ, ಅದೇ ರಕ್ತ. ಪೂರ್ವ ಲಂಡನ್ನಿನ ಶಾಲೆಗಳು ಬದಲಾದವು, ಮಕ್ಕಳಿಗೆ ಇಂಗ್ಲಿಷ್ ರೂಢಿಯಾಯಿತು.

ಇಷ್ಟು ಓದಿದ ಮೇಲೆ ಒಬ್ಬ ಎಳೆಯ ಶಿಕ್ಷಕ ನನ್ನನ್ನು ಕೇಳಿದ: “ಹಾಗಾದರೆ ಜನಾಂಗವಾರು ಅಂಕಿಅಂಶ ಸಂಗ್ರಹಿಸುವುದೇ ತಪ್ಪಲ್ಲವೇ ಸರ್? ಎಲ್ಲರನ್ನೂ ಮಕ್ಕಳು ಎಂದಷ್ಟೇ ಲೆಕ್ಕ ಹಿಡಿದರೆ ಆಗದೇ?” ಪ್ರಶ್ನೆ ಒಳ್ಳೆಯದು, ಆದರೆ ನನ್ನ ಉತ್ತರ ‘ಆಗದು’ ಎಂದೇ. ಕ್ಲಾರೆಂಡನ್ನಿನಲ್ಲಿ 179 ಮತ್ತು 43 ಎಂದು ಬೇರೆ ಬೇರೆ ಬರೆಯದಿದ್ದರೆ ಆ ಅನ್ಯಾಯ ಕೋರ್ಟಿಗೆ ಕಾಣುತ್ತಿರಲಿಲ್ಲ. ಜ್ವರ ಅಳೆಯುವ ಥರ್ಮಾಮೀಟರ್ ಬೇಕೇ ಬೇಕು. ಆದರೆ ಥರ್ಮಾಮೀಟರ್ ನೋಡಿ ‘ಈ ಹುಡುಗನದು ಬಿಸಿ ಜಾತಿ’ ಎನ್ನಬಾರದು. ಜನಾಂಗ ಎಂಬುದು ಜೀವಶಾಸ್ತ್ರದಲ್ಲಿ ಗಟ್ಟಿಯಾಗಿ ನಿಲ್ಲದಿದ್ದರೂ ಜನ ಅದನ್ನು ನಂಬಿ ಬಸ್ಸು ಕೊಟ್ಟಿದ್ದಾರೆ, ಬಸ್ಸು ತಪ್ಪಿಸಿದ್ದಾರೆ. ಆ ನಡವಳಿಕೆಯನ್ನು ಹಿಡಿಯಲು ಅಂಕಿಅಂಶ ಬೇಕು.

ನಮ್ಮ ಸಿದ್ದಿಗಳ ಕತೆಗೆ ಮರಳುತ್ತೇನೆ. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗೋವೆಯ ಕಡೆಗೆ ತಂದ ಗುಲಾಮರ ವಂಶದವರು ಅವರು. ಆ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡು ಸೇರಿದರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಅಡಿ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ರಕ್ತ ಇರುವುದರಿಂದ ಇವರಿಂದ ಒಲಿಂಪಿಕ್ ಪದಕ ಬರುತ್ತದೆ ಎಂಬ ನಂಬಿಕೆ. ಕೆಲವರು ಚೆನ್ನಾಗಿ ಓಡಿದರು, ಕೆಲವರಿಗೆ ಅದರಿಂದ ನೌಕರಿಯೂ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ಆ ಯೋಜನೆ ಅವರ ಪಾಲಿಗೆ ನಿಂತುಹೋಯಿತು. ಹಲವರು ಹಳ್ಳಿಗೆ, ಕೂಲಿಗೆ ಮರಳಿದರು. ಅವರ ಕಾಲುಗಳನ್ನು ಹುಡುಕಿಕೊಂಡು ಕಾಡಿನವರೆಗೆ ಬಂದವರು ಅವರ ಓದನ್ನು ಕೇಳಿಕೊಂಡು ಯಾಕೆ ಬರಲಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅವರು ಪದವಿ ಓದಿದವರು.

ನನ್ನ ಆ ವಿದ್ಯಾರ್ಥಿಯ ವಿಷಯ ಹೇಳಿ ಮುಗಿಸುತ್ತೇನೆ. ಮುಖ್ಯೋಪಾಧ್ಯಾಯರ ಬಳಿ ಹೋಗಿ ವೇಳಾಪಟ್ಟಿ ಬದಲಿಸಿಕೊಂಡೆ. ಗಣಿತ ಮೂರನೇ ಪೀರಿಯಡ್ಡಿಗೆ ಹೋಯಿತು, ಮೊದಲ ಪೀರಿಯಡ್ಡಿಗೆ ದೈಹಿಕ ಶಿಕ್ಷಣ ಬಂತು. ಬಿಟ್ಟುಹೋದ ಪಾಠವನ್ನು ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ಹೇಳಿಕೊಟ್ಟೆ. ಅವನ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ಇನ್ನೂ ನಾಲ್ವರು ಸೇರಿಕೊಂಡರು. ಅವರಲ್ಲಿ ಇಬ್ಬರು ಹವ್ಯಕರ ಮನೆಯವರು, ಒಬ್ಬ ಕುಣಬಿ, ಒಬ್ಬಳು ಗೌಳಿ ಹುಡುಗಿ. ಐವರದೂ ಗಣಿತ ಸೊರಗಿತ್ತು. ಉಳಿದ ನಾಲ್ವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಯಾರೂ ರಕ್ತದ ಮಾತು ಎತ್ತಿರಲಿಲ್ಲ. ವರ್ಷದ ಕೊನೆಗೆ ಆ ಹುಡುಗನಿಗೆ ಗಣಿತದಲ್ಲಿ ಐವತ್ತೆಂಟು ಬಂತು.

ಇದನ್ನು ಓದುತ್ತಿರುವ ಶಿಕ್ಷಕರಲ್ಲಿ ಒಂದು ಬೇಡಿಕೆ. ನಾಳೆ ಹಾಜರಿ ಪುಸ್ತಕ ತೆರೆದಾಗ, ಕಡಿಮೆ ಅಂಕ ಬಂದ ಪ್ರತಿ ಮಗುವಿನ ಹೆಸರಿನ ಎದುರು ಪೆನ್ಸಿಲಿನಲ್ಲಿ ಎರಡು ಸಂಗತಿ ಬರೆಯಿರಿ: ಮನೆ ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ.